ಹುಲ್ಲಿಗೆ ಹೆದರದ ಕಾರು

ನೊಣವಿನಕೆರೆ
ಡಿಸೆಂಬರ್ ೧೨

ಪ್ರೀತಿಯ ಅಣ್ಣ ಜ್ಞಾನೇಶನಿಗೆ ನಿನ್ನ ತಂಗಿಯ ನಮಸ್ಕಾರ.

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ದಿನವಿಡೀ ಆ ಟ್ರ್ಯಾಕಿನಲ್ಲಿ ಸುತ್ತಿದ್ದಲ್ಲೇ ಸುತ್ತಿ ಕಂಪನಿಯ ಕಾರು ಪರೀಕ್ಷಿಸುವವನಿಗೆ ಸೊಂಟ ನೋಯದೆ ಇನ್ನೇನಾದೀತು! ಹರಳೆಣ್ಣೆ ಕಳಿಸು ಎಂದು ಅಮ್ಮ ದಿನಾ ನನ್ನ ಜೀವ ತಿನ್ನುತ್ತಾಳೆ. ನಾವೆಲ್ಲ ಚೆನ್ನಾಗಿದ್ದೇವೆ, ಅಟ್ಟದ ತುಂಬ ಕಾಯಿ ಇದೆ. ನನ್ನದೊಂದು ಭಯವನ್ನು ಫೋನಿನಲ್ಲಿ ಎರಡು ಸಲ ಹೇಳಲು ಹೋದೆ. "ಕಂಪ್ಯೂಟರ್‌ನಾಗೆ ಗುದ್ದಿದ್ರೆ ಯಾರಿಗೂ ನೋವಾಗಲ್ಲ ಕಣೇ" ಎಂದು ನೀನು ನಕ್ಕುಬಿಟ್ಟೆ. ಅದಕ್ಕೇ ಈ ಕಾಗದ. ನಗದೆ ಓದು.

ನೀನು ಓಡಿಸುವ ಕಾರು ತಾನಾಗಿ ಬ್ರೇಕ್ ಹಾಕಿಕೊಳ್ಳಲು ಮೊದಲು ಕಲಿಯುವುದು ನನ್ನ ಕಂಪ್ಯೂಟರಿನಲ್ಲಿ. ನಡುಮನೆಯಲ್ಲಿ ಕೂತು ಸುಳ್ಳು ರಸ್ತೆ, ಸುಳ್ಳು ದನ, ಸುಳ್ಳು ಬಸ್ಸು ಮಾಡಿ ಅದರ ಮುಂದೆ ಬಿಡುತ್ತೇನೆ. ನಿಂತರೆ ಪಾಸು. ಹೋದ ವರ್ಷ ರಸ್ತೆಯಲ್ಲಿ ಹುಲ್ಲು ಕಂಡರೂ ಕಾರು ಗಕ್ಕನೆ ನಿಲ್ಲುತ್ತಿತ್ತು. ತಂಡದಲ್ಲಿ ಯಾರಿಗೂ ದಾರಿ ಹೊಳೆಯಲಿಲ್ಲ. ನಾನು ಎದೆಯುಬ್ಬಿಸಿ ಹೇಳಿದೆ: ನಮ್ಮ ಕಡೆ ರಾಗಿ ಕಂತೆ ಬಿಚ್ಚಿ ರಸ್ತೆಗೆ ಹರಡುವುದೇ ಗಾಡಿಗಳು ತುಳಿದು ಒಕ್ಕಲಿ ಅಂತ, ಹುಲ್ಲಿಗೆ ಹೆದರಬೇಡ ಎಂದು ಕಾರಿಗೆ ಕಲಿಸೋಣ. ಕಲಿಸಿದೆ. ಮ್ಯಾನೇಜರ್ ಶಿವಮೂರ್ತಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಆ ಉಬ್ಬಿನಲ್ಲಿ, ನಿಜವಾದ ರಸ್ತೆಯ ಪರೀಕ್ಷೆಗೆ ನಮ್ಮ ತುರುವೇಕೆರೆ ರಸ್ತೆಯನ್ನೇ ಸೂಚಿಸಿದೆ. ಹದಿನೆಂಟಕ್ಕೆ ನೀನು ಆ ಕಾರು ಇಲ್ಲಿಗೆ ತರುವುದು ನನ್ನ ಮಾತಿನಿಂದಲೇ.

ಹೋದ ವಾರ ಅಮ್ಮನಿಗೆ ಬುತ್ತಿ ಕೊಡಲು ಅದೇ ರಸ್ತೆಗೆ ಹೋದೆ. ಅಮ್ಮ ಹುಲ್ಲಿನ ನಡುವೆ ಬಗ್ಗಿ ರಾಗಿ ತಿರುವಿ ಹಾಕುತ್ತಿದ್ದಳು. ತಲೆ, ಬೆನ್ನು ಎಲ್ಲ ಹುಲ್ಲು. ಹತ್ತಿರ ಹೋಗುವ ತನಕ ನನ್ನ ಕಣ್ಣಿಗೇ ಕಾಣಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೂ ನನ್ನ ಸುಳ್ಳು ರಸ್ತೆಯಲ್ಲಿ ಹುಲ್ಲು ಹಾಕಿ, ತಿರುವುವವರನ್ನು ಮರೆತಿದ್ದೆ. ಮನೆಗೆ ಓಡಿಬಂದು, ಬಗ್ಗಿದ ಹೆಂಗಸೊಬ್ಬಳನ್ನು ಮಾಡಿ ಹುಲ್ಲಿನಲ್ಲಿ ನಿಲ್ಲಿಸಿ, ಹತ್ತು ಸಲ ಕಾರು ಬಿಟ್ಟೆ. ಏಳು ಸಲ ನಿಲ್ಲಲಿಲ್ಲ ಅಣ್ಣ.

ಶಿವಮೂರ್ತಿಯವರಿಗೆ ತೋರಿಸಿದೆ. "ಸರಿ ಮಾಡ್ಬೇಕಮ್ಮ, ಆದ್ರೆ ಕಾರಿಗೆ ಈ ಸಲ ಕಲ್ಸೋದು ಮುಗಿದೋಯ್ತು, ಮುಂದಿನ್ ಸಲ ನೋಡಾಣ" ಎಂದರು. ರಸ್ತೆಯನ್ನಾದರೂ ಬದಲಿಸಿ ಎಂದೆ. ಅನುಮತಿ ಬಂದಿರುವುದು ಇದೊಂದಕ್ಕೇ ಅಂತೆ. ಮೇಲಿನವರಿಗೆ ಬರೆದೆ, ಉತ್ತರವಿಲ್ಲ. ಕೊನೆಗೆ ಅಮ್ಮನ ಕಾಲು ಹಿಡಿದೆ, ಆ ದಿನ ರಸ್ತೆಗೆ ಹೋಗಬೇಡ ಎಂದು. "ಮೋಡ ಹಾಕೈತೆ, ರಾಗಿ ಮುಗ್ಗಲು ಹಿಡಿದ್ರೆ ಏನ್ ಮಾಡನೆ? ನನ್ ಮಗ ಓಡಿಸ್ಕಂಡ್ ಬರೋ ಕಾರು ಕಣೇ, ನಮ್ ರಾಗಿ ಮ್ಯಾಲೇ ಹೋಗ್ಲಿ ಬುಡು" ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಭೈರಮ್ಮ, ಕೆಂಪಕ್ಕ ಎಲ್ಲರಿಗೂ ಸಾರಿಬಂದಿದ್ದಾಳೆ. ಅವರೂ ಅವತ್ತೇ ಹರಡುತ್ತಾರಂತೆ. ಕಾರಿಗೆ ಕಲಿಸಿದವಳು ನಾನು, ಈಗ ಕಾರೂ ನನ್ನ ಮಾತು ಕೇಳುವುದಿಲ್ಲ, ಅಮ್ಮನೂ ಕೇಳುವುದಿಲ್ಲ. ಏನು ಮಾಡಲಿ, ತೋಚುತ್ತಿಲ್ಲ.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ
ನಿಸರ್ಗ

ಮತ್ತೆ: ಅಂಚೆಯವರು ಬರುವ ಹೊತ್ತಾಯಿತು, ಇಷ್ಟು ಓದಿಬಿಡು. ನಿನಗೆ ಕೊಡುವ ಪರೀಕ್ಷೆಯ ಹಾಳೆಯಲ್ಲಿ, ಅಡ್ಡ ಏನೋ ಇದೆ ಎಂದು ಕಾರು ಗಂಟೆ ಹೊಡೆಯುವ ತನಕ ಡ್ರೈವರ್ ಬ್ರೇಕ್ ಮುಟ್ಟಬಾರದು ಎಂದಿದೆ. ಅದನ್ನು ಬರೆದವಳೂ ನಾನೇ. ಕಾರಿಗೆ ಅಮ್ಮ ಕಾಣದಿದ್ದರೆ ಗಂಟೆಯೂ ಹೊಡೆಯುವುದಿಲ್ಲ. ನೀನು ಬರೆದದ್ದನ್ನು ಮೀರುವವನಲ್ಲ, ನನಗೆ ಭಯ ಅದೇ. ಇದೊಂದು ಸಲ ಮೀರು ಅಣ್ಣ. ಹುಲ್ಲು ಕಂಡ ಕೂಡಲೇ ಬ್ರೇಕ್ ತುಳಿ.