ಎಡಗಡೆಯ ಸ್ಪೀಕರ್

ಮಾರ್ಚ್ ೪, ಮಂಗಳವಾರ

ಎಂದಿನಂತೆ ಕಾಫಿ, ಪತ್ರಿಕೆ, ಕೆಂಪು ಪೆನ್ಸಿಲು. ಸಂಪಾದಕೀಯದ ಮೊದಲ ಪ್ಯಾರಾದಲ್ಲಿಯೇ ವಾಕ್ಯ ಮುರಿದು ಬಿದ್ದಿದೆ. ತಿದ್ದಿದೆ. ಯಾರಿಗೆ ತೋರಿಸುವುದು? ನಿವೃತ್ತಳಾದ ಮೇಲೂ ಕೈ ಸುಮ್ಮನಿರುವುದಿಲ್ಲ.

ತಂಗಿ ಕಿವಿಯ ಡಾಕ್ಟರರನ್ನು ಕಂಡು ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಬಲಗಿವಿ ಪೂರ್ತಿ ಕೈ ಕೊಟ್ಟಿದೆಯಂತೆ ಅಕ್ಕಾ."

"ಕಿವಿ ಹೇಗೆ ಕೈ ಕೊಡುತ್ತದೆ? ಸರಿಯಾಗಿ ಹೇಳು" ಎಂದೆ. ಆ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಅದೇ.

"ಸರಿ ಟೀಚರ್. ಕಿವಿ ಕಿವಿ ಕೊಡ್ತು. ಎಡಗಡೇದೂ ಅದರ ಹಿಂದೇನೇ ಹೊರಟಿದೆ. ಕಿವಿಗೆ ಮಿಷನ್ ಹಾಕಿದ್ರೂ ಪ್ರಯೋಜನ ಇಲ್ವಂತೆ, ನರಾನೇ ಸೊರಗ್ತಿದೆ."

ನಕ್ಕಳು. ನನಗೆ ನಗಲಾಗಲಿಲ್ಲ. ನಾನು ಭಾಷೆ ಕಲಿಸಿದ ಶಾಲೆಯಲ್ಲಿಯೇ ಅವಳು ಸಂಗೀತ ಕಲಿಸಿದಳು. ಮಕ್ಕಳು ನನ್ನ ತರಗತಿಯಿಂದ ಅವಳ ಕೋಣೆಗೆ ಓಡಿಹೋಗುತ್ತಿದ್ದರು. ಅವಳಿಗೇ ಹೀಗೆ... ಯಾವ ನ್ಯಾಯ?

ಸಂಜೆ ಕೇಳಿದಳು — ದೋಣಿಯಲ್ಲಿ ಸ್ಟೀರಿಯೊ ಹಾಕಿಸಬಹುದೇ? ಆ ಪುಟ್ಟ ಹಾಯಿದೋಣಿಯನ್ನು ಅವಳ ಗಂಡ ಕೈಯಾರೆ ಕಟ್ಟಿದ್ದು. ಅವನು ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸುತ್ತಾಳೆ. ನಾನು ಹತ್ತುವವಳಲ್ಲ. ನೀರೆಂದರೆ ನನಗೆ ಎದೆ ಡವಡವ.

"ದಡದ ಗಲಾಟೆ ಇಲ್ಲದ ಕಡೆ ಕೂತು ನಮ್ಮ ಗುರುಗಳ ಕೊಳಲನ್ನ ಒಂದ್ಸಲ ಪೂರ್ತಿ ಕೇಳ್ಬೇಕು ಕಣೆ. ಆಮೇಲೆ ಹೋಗೋದಾದ್ರೆ ಹೋಗ್ಲಿ."

"ಹಾಕಿಸುವುದೇನು, ನಾನೇ ಹಾಕುತ್ತೇನೆ" ಎಂದೆ.

ಮಾರ್ಚ್ ೭, ಶುಕ್ರವಾರ

ಅಂಗಡಿ. ನೀರು ತಾಗಿದರೂ ಕೆಡದ ಸ್ಪೀಕರ್ ಎರಡು, ಸ್ಟೀರಿಯೊ, ವೈರು, ಫ್ಯೂಸು. "ನೀವ್ಯಾಕೆ ಕಷ್ಟ ಪಡ್ತೀರಾ ಅಜ್ಜಿ, ನಮ್ಮೋರನ್ನ ಕಳಿಸ್ತೀನಿ" ಎಂದ ಅಂಗಡಿಯವನು. ಅಜ್ಜಿಯಂತೆ! "ಮೇಡಂ ಎನ್ನಿ" ಎಂದೆ. ಅಂದ.

ರಾತ್ರಿ ಊಟಕ್ಕೆ ಮುಂಚೆ ಕೈಪಿಡಿ ಓದಿ ಮುಗಿಸಿದೆ. ಎಂಥ ಭಾಷೆ! "ಕೆಂಪು ತಂತಿಯನ್ನು ಧನಾತ್ಮಕಗೊಳಿಸಿರಿ." ಅಂಚಿನಲ್ಲಿ ತಿದ್ದಿದೆ. ತಿದ್ದಿದ ಮೇಲೆ ಅರ್ಥವೂ ಆಯಿತು.

ಮಾರ್ಚ್ ೧೫, ಶನಿವಾರ

ಮುಗಿಯಿತು. ದೋಣಿ ಬಂದರಿನ ಜೆಟ್ಟಿಗೆ ಕಟ್ಟಿಯೇ ಇತ್ತು, ಆದರೂ ಹತ್ತಲು ಹೆದರಿದೆ. ತೋರಿಸಿಕೊಳ್ಳಲಿಲ್ಲ.

ಬ್ಯಾಟರಿಯ ಪಕ್ಕದಲ್ಲಿ ಫ್ಯೂಸು. ವೈರುಗಳನ್ನು ಗೋಡೆಯ ಅಂಚಿಗೆ ಒತ್ತಿ, ಗೇಣಿಗೊಂದು ಕ್ಲಿಪ್ಪು. ಕ್ಯಾಬಿನ್ನಿನ ಹಿಂಗೋಡೆಯಲ್ಲಿ ಬಾಗಿಲಿನ ಆಚೆಗೊಂದು, ಈಚೆಗೊಂದು ಸ್ಪೀಕರ್. ಅಡಿಪಟ್ಟಿ ಇಟ್ಟು ಗುರುತು ಮಾಡಿದೆ — ಎರಡೂ ಒಂದೇ ಎತ್ತರ, ಒಂದೇ ದೂರ. ಅವಳು ಚುಕ್ಕಾಣಿ ಹಿಡಿದು ಕೂತರೆ ಎಡಗಿವಿ ಆ ಗೋಡೆಯ ಕಡೆಗೇ ಇರುತ್ತದೆ. ಎಡಗಡೆಯ ಸ್ಪೀಕರ್ ಆ ಕಿವಿಗೆಂದೇ.

ಅಲ್ಲಿಯೇ, ಅಂಗೈಯಗಲ ದೂರದಲ್ಲಿ, ಹಿತ್ತಾಳೆಯ ದಿಕ್ಸೂಚಿ. ಅವಳ ಗಂಡ ಕೂರಿಸಿದ್ದು. ತಂಗಿ ನನ್ನ ಪೆನ್ಸಿಲಿನ ಗುರುತನ್ನು ನೋಡಿದಳು. ಆಮೇಲೆ ಸೆರಗಿನಿಂದ ದಿಕ್ಸೂಚಿಯ ಗಾಜು ಒರೆಸಿದಳು. ಸುಮ್ಮನೆ ಒರೆಸುತ್ತಲೇ ಇದ್ದಳು.

"ಏನು? ಸೊಟ್ಟಗಿದೆಯೇ?"

"ಇಲ್ಲ ಮಾರಾಯ್ತಿ. ನೀನು ಹಾಕಿದ್ದು ಸೊಟ್ಟಗಿರುತ್ತಾ? ಕೊರಿ."

ಡ್ರಿಲ್ ಹಿಡಿದು ಕೊರೆದೆ. ಸ್ವಿಚ್ ಒತ್ತಿದಾಗ ಕೊಳಲು ಬಂದೇಬಿಟ್ಟಿತು! ಪಕ್ಕದ ದೋಣಿಯಲ್ಲಿ ಬಲೆ ಹೊಲಿಯುತ್ತಿದ್ದವರು ತಲೆ ಎತ್ತಿ ನೋಡಿದರು. ತಂಗಿ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಚುಕ್ಕಾಣಿಯ ಹಿಡಿಯ ಮೇಲೆ ತಾಳ ಹಾಕಿದಳು.

ಸಂತೋಷ. ಈ ಪದವನ್ನು ನಾನು ಸುಲಭವಾಗಿ ಬರೆಯುವವಳಲ್ಲ.

ಮಾರ್ಚ್ ೨೭, ಗುರುವಾರ

ಗಾಳಿ ಸರಿಯಿಲ್ಲ ಎಂದು ದೋಣಿಯಲ್ಲಿ ಹೊರಡುವುದನ್ನು ದಿನಾ ಮುಂದೂಡುತ್ತಿದ್ದಾಳೆ. ಇವತ್ತು ಕುಕ್ಕರ್ ಕೂಗಿ ಕೂಗಿ ತಳ ಹಿಡಿಯಿತು. ಅವಳು ಒಲೆಯ ಮುಂದೆಯೇ ನಿಂತಿದ್ದಳು. "ಏನೋ ಯೋಚನೆ ಮಾಡ್ತಿದ್ದೆ" ಎಂದಳು.

ಯೋಚನೆಯೇ ಇರಬಹುದು.

ಏಪ್ರಿಲ್ ೬, ಭಾನುವಾರ, ಸಂಜೆ

ಬರೆಯಲೇಬೇಕು.

ಬೆಳಿಗ್ಗೆ ಹೊರಡುವಾಗ "ನೀನೂ ಬಾ" ಎಂದಳು. ಎಂದೂ ಕರೆದವಳಲ್ಲ. ಹೋದೆ. ಜೀವ ಕೈಯಲ್ಲಿ ಹಿಡಿದು ಕೂತೆ. ಹಾಯಿ ಗಾಳಿ ತುಂಬಿಕೊಂಡು ವಾಲಿದಾಗ ಕೂಗಿಯೇ ಬಿಟ್ಟೆ. ಬಂದರು ಹಿಂದೆ ಸರಿಯಿತು. ಕೊಳಲು ಹಾಕಿದೆ. ಅವಳ ಹೆಬ್ಬೆರಳು ತಾಳಕ್ಕೆ ತೊಡಗಿತು.

ಆಮೇಲೆ ಮಂಜು. ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಂತೆ ದಡ ಅಳಿಸಿಹೋಯಿತು. ನಾನು ದಿಕ್ಸೂಚಿ ನೋಡಿದೆ. ಬಂದರು ಪೂರ್ವಕ್ಕೆ ಎಂಬಷ್ಟು ನನಗೂ ಗೊತ್ತು. ಅವಳು ತಿರುಗಿಸುತ್ತಿದ್ದದ್ದು ಬೇರೆ ಕಡೆಗೆ.

ಭುಜ ಹಿಡಿದು ಅಲ್ಲಾಡಿಸಿ, ಸೂಜಿಯ ಕಡೆ ಬೆರಳು ಮಾಡಿದೆ. ತಲೆ ಕೊಡವಿದಳು.

"ಅದನ್ನ ನಂಬಬೇಡ. ಸ್ಪೀಕರ್ ಒಳಗೆ ಅಯಸ್ಕಾಂತ ಇದೆ. ಹಾಕಿದ ದಿನದಿಂದ್ಲೂ ಸೂಜಿಯನ್ನ ತನ್ನ ಕಡೆ ಎಳ್ಕೊಂಡಿದೆ."

ಸೂಜಿಯ ಕಡೆ ಮಾಡಿದ್ದ ಬೆರಳನ್ನು ಹಿಂತೆಗೆದುಕೊಂಡೆ.

"ಗಾಳಿ ನೋಡ್ಕೊಂಡು ಹೋಗ್ತಿದ್ದೀನಿ. ಬಂಡೆ ಹತ್ರ ಎಚ್ಚರಿಕೆ ಗಂಟೆ ತೇಲ್ತಾ ಇರುತ್ತೆ. ಬಂಡೆಗೆ ಬಡೀದೆ ಬಂದರಿಗೆ ವಾಪಸ್ ಹೋಗ್ಬೇಕಾದ್ರೆ ಅದು ಎಡಕ್ಕೇ ಇರ್ಬೇಕು. ಕೇಳಿಸಿದ್ರೆ ಹೇಳು."

ಕೊಳಲಿನ ನಡುವೆ ಗಂಟೆ ಎಲ್ಲಿ ಕೇಳಿಸಬೇಕು? ಸ್ಟೀರಿಯೊ ಆರಿಸಿದೆ. ಉಸಿರು ಬಿಗಿಹಿಡಿದು ಕೂತೆ. ಹಲಗೆಗೆ ನೀರು ಬಡಿಯುವ ಸದ್ದು. ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಟಣ್... ಎಡಕ್ಕಲ್ಲ, ಬಲಕ್ಕೆ. ತಿರುಗಿ ಅವಳಿಗೆ ಹೇಳಹೊರಟೆ.

ಅವಳ ಹೆಬ್ಬೆರಳು ತಾಳ ಹಾಕುತ್ತಲೇ ಇತ್ತು.

ನೋಡಿದೆ. ಮಂಜಿನ ಕಡೆಗೆ ನೆಟ್ಟ ಕಣ್ಣು, ತುಟಿಯಲ್ಲಿ ಸಣ್ಣ ನಗು, ಹೆಬ್ಬೆರಳು ಮಾತ್ರ ಲಯ ತಪ್ಪದೆ... ಸ್ಟೀರಿಯೊದ ದೀಪ ಆರಿತ್ತು. ಅದು ಅವಳಿಗೆ ಕಾಣುವಂತಿರಲಿಲ್ಲ, ನನ್ನ ಮೊಣಕಾಲು ಅಡ್ಡ ಇತ್ತು.

ಬಲಕ್ಕೆ ಕೈ ತೋರಿಸಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಸ್ಟೀರಿಯೊದ ಕಡೆ. ಹೆಬ್ಬೆರಳು ನಿಂತಿತು. ಚುಕ್ಕಾಣಿಯನ್ನು ಒಮ್ಮೆಗೇ ದೂಡಿದಳು. ಹಾಯಿ ತಲೆಯ ಮೇಲಿಂದ ಆಚೆಗೆ ಹೊರಳಿತು. ಗಂಟೆ ಎಡಕ್ಕೆ ಬರುವವರೆಗೂ ಅತ್ತ ಇತ್ತ ಕೈ ಮಾಡುತ್ತಿದ್ದೆ. ಕೈ ಮಾಡಿದತ್ತ ಅವಳು ತಿರುಗಿಸಿದಳು.

ದಡ ಮುಟ್ಟಿದೆವು.

ಏಪ್ರಿಲ್ ೭, ಸೋಮವಾರ

ಅಟ್ಟದಿಂದ ಹಳೆಯ ಸ್ಲೇಟು ಇಳಿಸಿದೆ. ಬರೆದೆ: ಯಾವಾಗಿನಿಂದ?

"ನೀನು ತಿರುಪು ಬಿಗಿದ್ಯಲ್ಲ, ಆ ದಿನ ಅರ್ಧ ಕೇಳಿಸ್ತಿತ್ತು. ಮೇಲಿನ ಸ್ವರ ಒಂದೂ ಇರ್ಲಿಲ್ಲ, ಕೆಳಗಿಂದು ಮಾತ್ರ. ಅದೂ ಹತ್ತಿ ತುರುಕಿದ ಹಾಗೆ. ಆ ವಾರದಲ್ಲೇ ಅದೂ ಹೋಯ್ತು."

ನನ್ನ ಮಾತಿಗೆಲ್ಲ ಉತ್ತರ ಕೊಡುತ್ತಿದ್ದೆಯಲ್ಲ?

"ನೀನು ಬಾಯಿ ತೆರೆದ್ರೆ ಏನು ಹೇಳ್ತೀಯ ಅಂತ ಗೊತ್ತಿಲ್ವಾ ನಂಗೆ? ಇಷ್ಟು ವರ್ಷ ಕೇಳಿದ್ದೀನಿ. ಅಲ್ದೆ, ಅಕ್ಷರ ಬಿಡಿಸಿ ಮಾತಾಡೋ ನಿನ್ನಂಥೋರ ತುಟಿ ಓದೋದು ಸುಲಭ."

ಅಯಸ್ಕಾಂತದ ವಿಷಯ ಅಂದೇ ಏಕೆ ಹೇಳಲಿಲ್ಲ?

"ಹೇಳಿದ್ರೆ ಅಲ್ಲಿ ಹಾಕ್ತಿದ್ಯಾ? ಅಡಿಪಟ್ಟಿ ಹಿಡ್ಕೊಂಡು ಎಷ್ಟು ಖುಷಿಯಾಗಿ ನಿಂತಿದ್ದೆ ಗೊತ್ತಾ. ದಿಕ್ಕು ಕೆಟ್ರೆ ಕೆಡ್ಲಿ ಅನ್ನಿಸ್ತು."

ಸ್ಲೇಟು ಒರೆಸಿದೆ.

ಏಪ್ರಿಲ್ ೨೦, ಭಾನುವಾರ

ಸ್ಕ್ರೂಡ್ರೈವರ್ ಹಿಡಿದು ಜೆಟ್ಟಿಗೆ ಹೋದೆ. ಎರಡನ್ನೂ ಕಿತ್ತು ನೀರಿಗೆ ಹಾಕುವ ಸಿಟ್ಟು. ಅವಳು ಹಿಂದೆಯೇ ಬಂದು ಮಣಿಕಟ್ಟು ಹಿಡಿದಳು.

"ಎಡಗಡೇದು ಇರ್ಲಿ. ಬಲಗಡೇದನ್ನ ತೆಗೆದು ಆ ತುದಿಗೆ ದಿಕ್ಸೂಚಿ ಹಾಕು."

ಸ್ಲೇಟು: ಯಾರಿಗಾಗಿ ಇರಬೇಕು?

"ನಿಂಗೆ. ಗಂಟೆ ಕೇಳೋಕೆ ಇನ್ಮೇಲೆ ಹೇಗೂ ನೀನೇ ಬರ್ಬೇಕಲ್ಲ. ಬರಲ್ಲ ಅಂದ್ರೆ ದೋಣಿ ಮಾರಿಬಿಡ್ತೀನಿ."

ದಿಕ್ಸೂಚಿ ಬಲತುದಿಗೆ ಹೋಯಿತು. ಸೂಜಿ ಒಮ್ಮೆ ತೂಗಾಡಿ ಉತ್ತರಕ್ಕೆ ನಿಂತಿತು. ಸ್ಪೀಕರ್ ತೆಗೆದ ಕಡೆ ದುಂಡನೆಯ ತೂತು ಉಳಿದಿದೆ. ಹಲಗೆ ಹೊಡೆದು ಮುಚ್ಚಿದೆ. ಗೋಡೆ ಈಗ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ನೋಡಲು ಹಿಂಸೆಯಾಗುತ್ತದೆ. ಹಾಗೆಯೇ ಬಿಟ್ಟೆ.

ಮೇ ೧೧, ಭಾನುವಾರ — ದೋಣಿಯಲ್ಲಿ

ಅಕ್ಷರಗಳು ಕುಣಿಯುತ್ತಿವೆ, ಅಲೆ. ಬಂದರಿನ ಕಡೆ ತಿರುಗಿದ್ದೇವೆ, ಬಂಡೆಯ ಗಂಟೆ ಎಡಕ್ಕಿದೆ, ಸರಿಯಾಗಿದೆ. ನೀರಿನ ಹೆದರಿಕೆಯೂ ಅಷ್ಟಿಲ್ಲ.

ತಿರುಗಿದಾಗಲೇ ಹೇಳಿದಳು, "ಕೊಳಲು ಹಾಕು." ಹಾಕಿದೆ. ಅವಳು ಅಂಗೈಯನ್ನು ಸ್ಪೀಕರ್ ಮೇಲೆ ಒತ್ತಿ ಕೂತಳು, ಜ್ವರ ನೋಡುವವರಂತೆ. ಸ್ವಲ್ಪ ಹೊತ್ತಿಗೆ ಕೈ ತೆಗೆದಳು. "ಬರೀ ಗುಡುಗುಡು. ಎಲ್ಲಿಗೆ ಬಂದಿದೆ ಬರಿ."

ಬರೆದೆ: ಕೊಳಲು ನುಡಿಯುತ್ತಿದೆ.

"ಅಯ್ಯೋ, ಅದು ನಂಗೂ ಗೊತ್ತು ಕಣೆ! ಹೇಗಿದೆ ಈಗ? ಮೇಲಕ್ಕೆ ಹೋಗ್ತಿದ್ಯಾ, ಇಳೀತಿದ್ಯಾ? ಒಂದು ಕಡೆ ಉಸಿರು ನಿಲ್ಲಿಸ್ತಾರೆ ಅವ್ರು... ಅದು ಬಂತಾ?"

ಅಳಿಸಿ ಬರೆದೆ: ಮೇಲಕ್ಕೆ ಹೋಗುತ್ತಿದೆ. ಅಳಿಸಿದೆ. ಬರೆದೆ: ನೀರಿನಂತೆ. ಮಕ್ಕಳು ಪ್ರಬಂಧದಲ್ಲಿ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದ ಮಾತು. ಅದನ್ನೂ ಅಳಿಸಿದೆ. ಸೀಮೆಸುಣ್ಣ ಒದ್ದೆಯಾಗಿದೆ. ಅವಳು ಸ್ಲೇಟನ್ನೇ ನೋಡುತ್ತಿದ್ದಾಳೆ, ಹೆಬ್ಬೆರಳು ಚುಕ್ಕಾಣಿಯ ಮೇಲೆ ಎತ್ತಿಯೇ ಇದೆ, ನನಗಾಗಿ ಕಾಯುತ್ತ.

ಈಗ ಉಸಿರು ನಿಂತಿತು. ಬರೆಯಬೇಕು, ಮತ್ತೆ ಶುರುವಾಗುವ ಮೊದಲು... ಈಗ ಅದು —