ಮಾರಾಟಕ್ಕೆ ಇಟ್ಟ ಆಸ್ತಿಗಳು

ಹಾಸ್ಟೆಲ್, ಎರಡನೇ ಮಹಡಿ
ಸೆಪ್ಟೆಂಬರ್ 9, ಮಂಗಳವಾರ

ಪ್ರೀತಿಯ ಅಪ್ಪಾ,

ಸೊಂಟದ ನೋವು ಹೇಗಿದೆ? ಎಂಜಿನ್ ಕೋಣೆಯ ಏಣಿ ಇಳಿಯುವಾಗ ಬೆಲ್ಟ್ ಕಟ್ಟಿಕೊಳ್ಳುತ್ತೀಯೋ, ಅದಿನ್ನೂ ಪೊಟ್ಟಣದಲ್ಲೇ ಇದೆಯೋ? ಅಮ್ಮ ಚೆನ್ನಾಗಿದ್ದಾಳೆ. ಹಡಗು ದಡ ಮುಟ್ಟುವವರೆಗೆ ನಿನ್ನ ಫೋನು ಸಿಗುವುದಿಲ್ಲವಾದ್ದರಿಂದ ಮುಂದಿನ ಬಂದರಿನ ಏಜೆಂಟರ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಕಾಲೇಜು ಸೇರಿ ಐದು ವಾರವಾಯಿತು, ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಮೂರು ವರ್ಷ ಫೈನಾನ್ಸ್ ಓದಿ ಆಮೇಲೆ ಕೆಲಸ ಹುಡುಕುವುದು ಎಂದುಕೊಂಡಿದ್ದೆವಲ್ಲ, ಅದು ಹಳೇ ಕಾಲದ ಮಾತಂತೆ. ದೊಡ್ಡ ಸಂಸ್ಥೆಗಳು ಎರಡನೇ ವರ್ಷದ ರಜೆಯಲ್ಲಿ ತರಬೇತಿಗೆ ಕರೆದವರನ್ನೇ ಕೆಲಸಕ್ಕೂ ತೆಗೆದುಕೊಳ್ಳುತ್ತವೆ. ಆ ತರಬೇತಿಗೆ ಅರ್ಜಿ ಹಾಕುವುದು ಮೊದಲ ವರ್ಷದ ಕೊನೆಗೆ. ಅರ್ಜಿಯಲ್ಲಿ ಬರೆಯಲು ಈಗಲೇ ಏನಾದರೂ ಮಾಡಿರಬೇಕು. "ಮುಂದಿನ ವರ್ಷ ನೋಡೋಣ ಅಂದ್ಯೋ, ಬಸ್ ಹೋಯ್ತು ಅಂತ್ಲೇ ತಿಳ್ಕೊ" ಎಂದ ನಮ್ಮ ಕಾಲೇಜಿನ ಹೂಡಿಕೆ ಸಂಘದ ಅಧ್ಯಕ್ಷ. ಸೆಖೆಯಲ್ಲೂ ಟೈ ಬಿಚ್ಚದ ಅವನಿಗೆ ನಾವು ಟೈ ಎಂದೇ ಹೆಸರಿಟ್ಟಿದ್ದೇವೆ. ಅರ್ಥಶಾಸ್ತ್ರದ ಮೇಡಂ ಮಾತ್ರ "ಮೊದ್ಲು ಪಾಠ ಓದ್ರಮ್ಮಾ, ಮಿಕ್ಕಿದ್ದು ತಾನಾಗೇ ಬರುತ್ತೆ" ಎನ್ನುತ್ತಾರೆ. ಕೋಣೆಯ ಗೆಳತಿ ತನ್ನ ಸ್ವವಿವರವನ್ನು ಆಗಲೇ ಮೂರು ಸಲ ತಿದ್ದಿದ್ದಾಳೆ. ನನ್ನದರಲ್ಲಿ ಹೆಸರು, ವಿಳಾಸ, ಅಂಕ ಎಲ್ಲ ಬರೆದ ಮೇಲೂ ಮುಕ್ಕಾಲು ಪುಟ ಖಾಲಿ. ಅಮ್ಮನದು ಇನ್ನೊಂದು: "ಬ್ಯಾಂಕಲ್ಲಿ ಕೂತ್ಕೊಳ್ಳೋ ಕೆಲ್ಸಕ್ಕೆ ಇಷ್ಟು ಓಡಾಟ ಯಾಕೇ?" ಯಾರ ಮಾತು ಕೇಳಲಿ?

ಆ ಖಾಲಿ ಜಾಗ ತುಂಬಲೆಂದೇ ಹೂಡಿಕೆ ಸಂಘ ಸೇರಲು ಹೊರಟಿದ್ದೇನೆ. ಅರವತ್ತು ಜನರಲ್ಲಿ ಆರು ಮಂದಿಗೆ ಮಾತ್ರ ಜಾಗ. ಒಂದು ಕಂಪನಿ ಆರಿಸಿ, ಅದರ ವಾರ್ಷಿಕ ವರದಿ ಓದಿ, ಷೇರು ಕೊಳ್ಳಬಹುದೋ ಬೇಡವೋ ಎಂದು ಐದು ನಿಮಿಷದಲ್ಲಿ ಹೇಳಬೇಕು. ಶುಕ್ರವಾರ ನನ್ನ ಸರದಿ. ಉಳಿದವರೆಲ್ಲ ಕಾರು, ಫೋನು ಮಾಡುವ ಕಂಪನಿಗಳ ಹಿಂದೆ ಬಿದ್ದರು. ನಾನು ನಿನ್ನ ಕಂಪನಿಯನ್ನು ಆರಿಸಿದೆ. ಹುಟ್ಟಿದಾಗಿನಿಂದ ಅದರ ಸುದ್ದಿ ಕೇಳಿಕೊಂಡೇ ಉಂಡವಳು ನಾನು, ನನಗಿಂತ ಯಾರಿಗೆ ಗೊತ್ತು ಎಂಬ ಜಂಬ.

ವರದಿ ಇನ್ನೂರ ಹತ್ತು ಪುಟ. ಮೊದಲ ನಲವತ್ತರಲ್ಲಿ ನಿರ್ದೇಶಕರು ನಗುತ್ತಲೇ ಇರುತ್ತಾರೆ. "ಅದೆಲ್ಲ ಜಾಹೀರಾತು, ಹಿಂದಿನ ಸಣ್ಣಕ್ಷರ ಓದು" ಎಂದಿದ್ದ ಟೈ. ಓದಿದೆ. ನೂರ ನಲವತ್ತೆಂಟನೇ ಪುಟದಲ್ಲಿ 'ಮಾರಾಟಕ್ಕೆ ಇಟ್ಟ ಆಸ್ತಿಗಳು' ಎಂಬ ತಲೆಬರಹ, ಅದರ ಕೆಳಗೆ ನಾಲ್ಕು ಹಳೆಯ ಹಡಗುಗಳ ಹೆಸರು. ಬರುವ ಮಾರ್ಚಿನೊಳಗೆ ಗುಜರಿಗೆ ಹೋಗುತ್ತವೆ, ಸಿಬ್ಬಂದಿಯ ಒಪ್ಪಂದ ಮುಂದುವರಿಯುವುದಿಲ್ಲ ಎಂದಿದೆ. ಮೂರನೆಯ ಹೆಸರು ನಿನ್ನ ಹಡಗಿನದು.

ಅಲ್ಲಿಂದ ನನ್ನ ಬುದ್ಧಿ ಓಡುತ್ತಿಲ್ಲ. ಆ ನಾಲ್ಕೂ ಹೋದರೆ ಎಣ್ಣೆಯ ಖರ್ಚು, ದುರಸ್ತಿಯ ಖರ್ಚು ಇಳಿದು ಕಂಪನಿಯ ಲಾಭ ಏರುತ್ತದೆ. ಎತ್ತ ತಿರುಗಿಸಿ ನೋಡಿದರೂ ಉತ್ತರ ಒಂದೇ, ಷೇರು ಕೊಳ್ಳಬೇಕು. ಟೈಗೆ ತೋರಿಸಿದರೆ "ಸೂಪರ್ ಕಣೇ! ಇದು ಯಾರ ಕಣ್ಣಿಗೂ ಬಿದ್ದಿಲ್ಲ, ಇದನ್ನೇ ಹೇಳು" ಎಂದ. ನೀನು ಅದೇ ಹಡಗಿನಲ್ಲಿದ್ದೀಯ ಎನ್ನಲು ನನಗೆ ಬಾಯಿ ಬರಲಿಲ್ಲ. ನಿನಗೆ ಇದು ಗೊತ್ತೇ ಇಲ್ಲವೋ, ಗೊತ್ತಿದ್ದೂ ನಮ್ಮಿಂದ ಮುಚ್ಚಿಟ್ಟಿದ್ದೀಯೋ? ಹೋದ ತಿಂಗಳು "ಫೀಸಿನ ಚಿಂತೆ ನಿಂಗ್ಯಾಕೆ, ನಾನಿಲ್ವಾ?" ಎಂದೆಯಲ್ಲ, ಏನು ತಿಳಿದು ಹಾಗೆಂದೆ? ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ನೀನೇ ತಿಳಿಸು.

ಪಾಳಿ ಮುಗಿದ ಮೇಲಾದರೂ ಸ್ವಲ್ಪ ಮಲಗು. ಪ್ರತಿ ಸಲ ನನಗೊಂದು ಶಂಖ ಕಳಿಸುವ ಅಡುಗೆ ಮಾಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಪುಟ್ಟಿ

ತಾ.ಕ.: ಇಂದು ಶುಕ್ರವಾರ, ಈಗಷ್ಟೇ ಸಭೆ ಮುಗಿಸಿ ಬಂದೆ, ಕಾಗದ ಇನ್ನೂ ನನ್ನ ಚೀಲದಲ್ಲೇ ಇತ್ತು. 'ಕೊಳ್ಳಬಹುದು' ಎಂದೆ. ಆರು ಜನರಲ್ಲಿ ಮೊದಲ ಹೆಸರು ನನ್ನದೇ. ಕೊನೆಯಲ್ಲಿ ಒಬ್ಬಳು "ಆ ಹಡಗುಗಳಲ್ಲಿರೋರ ಗತಿ?" ಎಂದು ಕೇಳಿದಳು. ನಾಲ್ಕೂ ಹಡಗು ಸೇರಿ ತೊಂಬತ್ತಾರು ಜನರ ಸಂಬಳ ಉಳಿಯುತ್ತದೆ ಎಂದೆ, ತಡವರಿಸದೆ. ಚಪ್ಪಾಳೆ ತಟ್ಟಿದರು. ಅಪ್ಪಾ, ದಡ ಮುಟ್ಟಿದ ದಿನವೇ ಬೇರೆ ಹಡಗಿಗೆ ಅರ್ಜಿ ಹಾಕು. ಉಳಿದವರಿಗೂ ತಿಳಿಸು. ಯಾರು ಹೇಳಿದರು ಎಂದು ಕೇಳಿದರೆ ಮಗಳು ಎನ್ನಬೇಡ.