ಪ್ರಾಯೋಗಿಕ ತರಗತಿಯ ಶವದಿಂದ ಡೀನ್ ಅವರಿಗೆ

ಮಾನ್ಯ ಡೀನ್ ಫಾದರ್ ಅವರೇ,

ತಮ್ಮ ದೈವಶಾಸ್ತ್ರ ಕಾಲೇಜಿನಲ್ಲಿ ಈ ವರ್ಷ ನಾನು ಹಲವು ಸಲ ಸತ್ತಿದ್ದೇನೆ. ಅಂತ್ಯಕ್ರಿಯೆಯ ಪ್ರಾಯೋಗಿಕ ತರಗತಿ ಬಂತೆಂದರೆ ಪಾದ್ರಿಗಳಾಗಲು ಓದುತ್ತಿರುವ ಗುರುಮಠದ ಹುಡುಗರು ಸರದಿಯಂತೆ ಪುಸ್ತಕ ಹಿಡಿದು ಪ್ರಾರ್ಥನೆ ನಡೆಸುತ್ತಾರೆ. ನಾನು ಜೋಡಿಸಿದ ಬೆಂಚುಗಳ ಮೇಲೆ ಮಲಗುತ್ತೇನೆ. ಮಗುವಿನ ಜ್ಞಾನಸ್ನಾನದ ತರಗತಿಯಲ್ಲಿ ರಬ್ಬರ್ ಗೊಂಬೆಯ ತಾಯಿ. ಮದುವೆಯ ತರಗತಿಯಲ್ಲಾದರೂ ವಧುವಾಗುವೆನೇನೋ ಎಂದುಕೊಂಡರೆ, ವಯಸ್ಸು ನಲವತ್ತೈದು ದಾಟಿದೆಯೆಂದು ವಧುವಿನ ತಾಯಿ ಮಾಡಿದಿರಿ. ಉಳಿದ ದಿನ ಎದುರಿಗೆ ಕೂತು ಆಮೆನ್ ಎನ್ನುವ ಇಡೀ ಸಭೆ ನಾನೊಬ್ಬಳೇ. ಶುಲ್ಕ ಕಟ್ಟಿಸಿಕೊಂಡಿರಿ, ಪುಸ್ತಕ ಕೊಟ್ಟಿರಿ, ಮುಂದೆ ನಿಲ್ಲುವ ಜಾಗವನ್ನು ಮಾತ್ರ ಬಚ್ಚಿಟ್ಟಿರಿ.

ಎರಡನೆಯ ವರ್ಷಕ್ಕೆ ಆರಾಧನಾವಿಧಿಯೋ ದೈವಶಾಸ್ತ್ರವೋ ಎಂದು ಆರಿಸಿಕೊಳ್ಳಬೇಕು. ಆರಾಧನಾವಿಧಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಅಲ್ಲಿ ಅಂಕ ನಡೆಸಿಕೊಟ್ಟವರಿಗೇ ಹೊರತು ಮಲಗಿದವರಿಗಲ್ಲ. ಅದನ್ನೇ ಕೇಳಲು ತಮ್ಮ ಕೊಠಡಿಗೆ ಬಂದಿದ್ದೆ.

"ದೈವಶಾಸ್ತ್ರ ತಗೊಳ್ಳಿಯಮ್ಮ. ಓದೋದು, ಬರೆಯೋದು, ಅಷ್ಟೇ. ಯಾರಿಗೂ ಮುಜುಗರ ಇಲ್ಲ."

"ಈಗ ಯಾರಿಗೆ ಮುಜುಗರ ಆಗ್ತಿದೆ, ಫಾದರ್?"

ಮೂಗಿನ ಮೇಲಿದ್ದ ಕನ್ನಡಕವನ್ನು ತಾವು ಮೇಜಿನ ಮೇಲೆ ಹುಡುಕಿದಿರಿ. "ಹುಡುಗ್ರು ಇನ್ನೂ ಚಿಕ್ಕವರು. ತಾಯಿ ವಯಸ್ಸಿನವರು ಮುಂದೆ ಬಂದು ನಿಂತರೆ ಅವರಿಗೆ ಕೈಕಾಲೇ ಆಡಲ್ಲ."

ತಾಯಿಯ ವಯಸ್ಸಿನವಳು ಶವವಾಗಿ ಮಲಗಿದರೆ ಆಡುತ್ತದೆಯೇ? ಧಾರಾಳವಾಗಿ ಆಡುತ್ತದೆ. ಕಳೆದ ಸಲ ತೀರ್ಥ ಚಿಮುಕಿಸಿದವನು ನನ್ನ ಕಿವಿ ತುಂಬಿಸಿದ. ಸತ್ತವಳು ಕಿವಿ ಒರೆಸಿಕೊಳ್ಳುವಂತಿಲ್ಲವೆಂದು ಸುಮ್ಮನಿದ್ದೆ.

ನಾನು ಆರಾಧನಾವಿಧಿಯನ್ನೇ ಏಕೆ ಹಿಡಿದು ಕೂತಿದ್ದೇನೆ ಎಂದು ತಾವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಚರ್ಚಿನ ಗುರುಗಳು ತಿಂಗಳಿಗೊಮ್ಮೆ ಬರುವ ಊರು ನಮ್ಮದು. ಸಾವಿಗೆ ಆ ವೇಳಾಪಟ್ಟಿ ಗೊತ್ತಿಲ್ಲ. ಅಮ್ಮ ತೀರಿಕೊಂಡಾಗ ಗುರುಗಳ ಜೀಪು ದಾರಿಯಲ್ಲೇ ಕೆಟ್ಟಿತು. ಬಡಗಿಯಾದ ದೊಡ್ಡಪ್ಪ, ಅಮ್ಮನ ಶವಪೆಟ್ಟಿಗೆ ಮಾಡಿದವರೂ ಅವರೇ, ಗುಂಡಿಯ ಅಂಚಿನಲ್ಲಿ ನಿಂತು ಕೈಮುಗಿದರು. ಅಲ್ಲಿ ಏನು ಹೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ದಿನಾ ಹೇಳಿ ರೂಢಿಯಾಗಿದ್ದೇ ಬಾಯಿಗೆ ಬಂತು: "ಪ್ರಭುವೇ, ನಮ್ಮನ್ನೂ ನಾವು ಉಣ್ಣಲಿರುವ ಈ ಊಟವನ್ನೂ ಆಶೀರ್ವದಿಸಿ." ನಾವೆಲ್ಲ ಆಮೆನ್ ಎಂದೆವು. ಯಾರೂ ನಗಲಿಲ್ಲ. ಪೆಟ್ಟಿಗೆ ಇಳಿಯಿತು. ಆ ಸಂಜೆ ದೊಡ್ಡಪ್ಪ ತಟ್ಟೆಯ ಮುಂದೆ ಕೂತು ಪ್ರಾರ್ಥನೆಗೆ ಬಾಯಿ ತೆರೆದರು, ಹೇಳಲಾಗದೆ ಎದ್ದುಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಪ್ರಾರ್ಥನೆ ನನ್ನದು.

ಗುರುಗಳಿಲ್ಲದ ಕಡೆ, ಮೇಲಿನವರ ಒಪ್ಪಿಗೆಯಿದ್ದರೆ, ಗುರುದೀಕ್ಷೆಯಿಲ್ಲದ ಶ್ರೀಸಾಮಾನ್ಯರೂ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಸಬಹುದೆಂದು ಪಾಠ ಮಾಡಿದವರು ತಾವೇ. ಕನ್ನಡ ಮಾಧ್ಯಮದವಳು ನಾನು, ಇಂಗ್ಲಿಷ್ ನಿಘಂಟು ಬಿಚ್ಚಿ, ನಿದ್ದೆ ಬಿಟ್ಟು ಓದಿ ಆ ಪಾಠ ಮನದಟ್ಟು ಮಾಡಿಕೊಂಡೆ. ಗಂಟೆ ಹೊಡೆಯಿತು, ಪ್ರಾಯೋಗಿಕ ತರಗತಿ ಶುರುವಾಯಿತು, "ನೀವು ಮಲಗಿಯಮ್ಮ" ಎಂದಿರಿ. ಶವ ಕಣ್ಣು ಮುಚ್ಚಿರಬೇಕಲ್ಲ, ಹುಡುಗರು ಹೇಗೆ ನಡೆಸುತ್ತಾರೆ ಎಂಬುದನ್ನೂ ನಾನು ಈವರೆಗೆ ನೋಡಿಲ್ಲ.

ದೊಡ್ಡಪ್ಪ ಈಗ ಹಾಸಿಗೆ ಹಿಡಿದಿದ್ದಾರೆ. ಮೊನ್ನೆ ಫೋನಿನಲ್ಲಿ ಕೇಳಿದರು, "ಓದು ಎಲ್ಲಿಗೆ ಬಂತು ಮಗಳೇ?"

"ಮೊದಲನೇ ವರ್ಷ ಮುಗೀತಾ ಬಂತು, ದೊಡ್ಡಪ್ಪ."

"ಬೇಗ ಕಲಿ. ನನ್ನದು ನೀನೇ ಮಾಡ್ಬೇಕು. ಊಟದ ಪ್ರಾರ್ಥನೆ ಮಾತ್ರ ಬೇಡ." ನಗಲು ಹೋಗಿ ಕೆಮ್ಮಿದರು.

ಏನು ಹೇಳಲಿ, ಫಾದರ್? ಮಲಗುವುದನ್ನು ಕಲಿತಿದ್ದೇನೆ, ನಿಲ್ಲುವುದನ್ನು ಇನ್ನೂ ಕಲಿಸಿಲ್ಲ ಎನ್ನಲೇ?

ಆಯ್ಕೆಗೆ ನಾಳೆಯೇ ಕೊನೆಯ ದಿನ. ನಾನು ದೈವಶಾಸ್ತ್ರಕ್ಕೇ ಗುರುತು ಹಾಕುವೆನೆಂದು ತಮಗೂ ಗೊತ್ತು, ನನಗೂ ಗೊತ್ತು, ಪಾಸಾಗಬೇಕಲ್ಲ. ನನ್ನ ಬೇಡಿಕೆ ಇಷ್ಟೇ. ಒಂದು ಮಧ್ಯಾಹ್ನ ಆ ಬೆಂಚುಗಳ ತಲೆದೆಸೆಯಲ್ಲಿ ನನ್ನನ್ನು ಪುಸ್ತಕ ಹಿಡಿದು ನಿಲ್ಲಿಸಿ, ತಪ್ಪಿದಲ್ಲಿ ತಿದ್ದಿ. ಅಂಕ ಬೇಡ. ಮಲಗಲು ಯಾರೂ ಒಪ್ಪದಿದ್ದರೆ ಹೇಗೂ ಗೊಂಬೆ ಇದೆ.

ಇಂತಿ,
ಸದ್ಯಕ್ಕೆ ಎದ್ದು ಕೂತು ಬರೆದ,
ಕರೆದರೆ ಮತ್ತೆ ಮಲಗಲಿರುವ
ತಮ್ಮ ವಿದ್ಯಾರ್ಥಿನಿ